ಹೆನ್ರಿ ಅವೆನ್ಯೂ 3901ರ ಹುಡುಗಿ

ಫಿಲಡೆಲ್ಫಿಯಾದ ಪೇಟೆಬೀದಿಗಳಿಂದ ಲೋಕಲ್ ರೈಲು ಹಿಡಿದು ಈಸ್ಟ್ ಫಾಲ್ಸ್‌ನಲ್ಲಿ ಇಳಿದರೆ ಅಲ್ಲಿಂದ ಮುಂದೆ ಬರೀ ಏರು. ಆಟೋ ಎಂದು ಕೈ ಅಡ್ಡ ಹಾಕುವ ಮಾತೇ ಇಲ್ಲ. ಏಪ್ರಿಲ್ ತಿಂಗಳ ಚಳಿಯಲ್ಲೂ ಬೆವರು ಒರೆಸಿಕೊಳ್ಳುತ್ತ ಹತ್ತಿ ಹೆನ್ರಿ ಅವೆನ್ಯೂ ತಲುಪುತ್ತೇನೆ. 3901ನೇ ನಂಬರಿನ ಕೆಂಪು ಇಟ್ಟಿಗೆಯ ಮನೆ ಎದುರಿಗಿದೆ. ನಮ್ಮ ಸದಾಶಿವನಗರದ ಬಂಗಲೆಗಳ ಹಾಗೆ ಎತ್ತರದ ಗೋಡೆಯ ಹಿಂದೆ ಅವಿತುಕೊಂಡಿಲ್ಲ. ರಸ್ತೆಯಲ್ಲಿ ನಿಂತವರಿಗೆ ಕಿಟಕಿಗಳೆಲ್ಲ ಕಾಣುತ್ತವೆ. ಹಾಲಿವುಡ್ ತಾರೆಯಾಗಿ, ಮುಂದೆ ಮೊನಾಕೊದ ದೊರೆಯ ಕೈಹಿಡಿದ ಗ್ರೇಸ್ ಕೆಲಿ ಬೆಳೆದದ್ದು ಇಲ್ಲಿ. ಆಕೆ ಹುಟ್ಟಿದ್ದು 1929ರ ನವೆಂಬರ್ 12ರಂದು. ಮನೆ ಎಷ್ಟೋ ವರ್ಷ ಬೇರೆಯವರ ಕೈಲಿತ್ತು. 2016ರಲ್ಲಿ ಮಗ, ಮೊನಾಕೊದ ದೊರೆ ಎರಡನೇ ಆಲ್ಬರ್ಟ್, ಅದನ್ನು ಕೊಂಡುಕೊಂಡ. ತಾಯಿಯ ತವರುಮನೆಯನ್ನು ಬಿಡಿಸಿಕೊಂಡು ಬಂದ ಆ ಮಗನ ಮೇಲೆ ನನಗೆ ತಟ್ಟನೆ ಅಕ್ಕರೆ ಹುಟ್ಟುತ್ತದೆ.

ನಾಯಿ ಹಿಡಿದುಕೊಂಡು ಬಂದ ವಯಸ್ಸಾದ ಹೆಂಗಸೊಬ್ಬರು ನಾನು ಕತ್ತು ಚಾಚಿ ನೋಡುತ್ತಿರುವುದನ್ನು ಕಂಡು ನಗುತ್ತಾರೆ. "ಅರಮನೆ ನೋಡೋಕೆ ಬಂದಿರಾ? ಅದು ಇಲ್ಲಿಲ್ಲ. ಇದು ಗಾರೆ ಕೆಲಸದವರ ಮನೆ," ಎನ್ನುತ್ತಾರೆ. ಅವರ ದನಿಯಲ್ಲಿ ಕೊಂಕಿಲ್ಲ, ಹೆಮ್ಮೆಯಿದೆ. ಅವರು ಹೇಳಿದ್ದು ನಿಜವೇ. ಗ್ರೇಸ್‌ಳ ಅಪ್ಪ ಜಾನ್ ಕೆಲಿ ಐರ್ಲೆಂಡಿನಿಂದ ವಲಸೆ ಬಂದವರ ಮಗ, ಇಟ್ಟಿಗೆ ಕಟ್ಟುವ ಕೆಲಸದಿಂದ ಮೇಲೆ ಬಂದವನು. ಆಮೇಲೆ ಸ್ವಂತ ಕಂಪನಿ ತೆರೆದು ಲಕ್ಷಾಧೀಶನಾದ. 1935ರಲ್ಲಿ ನಗರದ ಮೇಯರ್ ಹುದ್ದೆಗೂ ನಿಂತು ಸೋತ. ಈ ಮನೆಯನ್ನು ಕಟ್ಟಿಸಿದವನೂ ಅವನೇ.

ಅವನು ಇನ್ನೂ ಊರಿನಲ್ಲೇ ಇದ್ದಾನೆ ಎಂದು ಗೊತ್ತಾಗುವುದು ಸ್ಕೂಲ್ಕಿಲ್ ನದಿಯ ದಂಡೆಗೆ ಇಳಿದಾಗ. ನದಿಯ ಪಕ್ಕದ ರಸ್ತೆಗೆ ಕೆಲಿ ಡ್ರೈವ್ ಎಂದೇ ಹೆಸರು. ಅದು ಗ್ರೇಸ್‌ಳ ಅಣ್ಣ ಜಾಕ್‌ನ ನೆನಪಿಗೆ ಇಟ್ಟದ್ದು. ಅಲ್ಲಿ ಅಪ್ಪ ಕೆಲಿ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಿರುವ ಪ್ರತಿಮೆಯಿದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, 1924ರ ಪ್ಯಾರಿಸ್‌ನಲ್ಲಿ ಮತ್ತೊಂದು ಗೆದ್ದವನು ಅವನು. ಆದರೂ 1920ರಲ್ಲಿ ಇಂಗ್ಲೆಂಡಿನ ಹೆನ್ಲಿ ದೋಣಿಸ್ಪರ್ಧೆಗೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನ ಕ್ಲಬ್ಬಿನ ಮೇಲಿದ್ದ ಹಳೆಯ ನಿಷೇಧದ ಜೊತೆಗೆ, ಕೈಯಿಂದ ದುಡಿದು ತಿನ್ನುವವನು ಎಂಬುದೂ ಅಡ್ಡ ಬಂತು. ಮಗ ಜಾಕ್ 1947ರಲ್ಲೂ 1949ರಲ್ಲೂ ಅದೇ ಹೆನ್ಲಿಯಲ್ಲಿ ಗೆದ್ದು ಅಪ್ಪನ ಸಂಕಟ ತೀರಿಸಿದ. ನಾನು ನಿಂತಿರುವಾಗಲೇ ಕಾಲೇಜು ಹುಡುಗಿಯರ ತಂಡವೊಂದು ತೆಳ್ಳನೆಯ ದೋಣಿಯಲ್ಲಿ ಸರ್ರನೆ ದಾಟಿಹೋಗುತ್ತದೆ. ದಂಡೆಯಲ್ಲಿ ಸೈಕಲ್ ತುಳಿಯುತ್ತಿರುವ ಕೋಚ್ ಅವರನ್ನು ಗದರಿಸುತ್ತ ಹಿಂಬಾಲಿಸುತ್ತಾನೆ.

ಇಂಥ ಕಸುವಿನ ಮನೆಯಲ್ಲಿ ಗ್ರೇಸ್ ನೆಗಡಿ, ಕೆಮ್ಮಿನ ಹುಡುಗಿ. ತಾಯಿ ಮಾರ್ಗರೆಟ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಆಟ ಕಲಿಸಿದವಳು. ಅಪ್ಪನಿಗೆ ಭರವಸೆಯಿದ್ದದ್ದು ಹಿರಿಯ ಮಗಳು ಪೆಗ್ಗಿಯ ಮೇಲೆ. ಎರಡನೆಯವಳು ಗೊಂಬೆಗಳ ಜೊತೆ ಮೂಲೆಯಲ್ಲಿ ಕುಳಿತು ತಾನೇ ಕಥೆ ಕಟ್ಟುತ್ತಿದ್ದಳು. ಆಕೆಯ ಕಡೆ ನಿಂತವನು ದೊಡ್ಡಪ್ಪ ಜಾರ್ಜ್ ಕೆಲಿ, 1926ರಲ್ಲಿ ಪುಲಿಟ್ಜರ್ ಪಡೆದ ನಾಟಕಕಾರ. ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಇಂಡಿಯನ್ ಕ್ವೀನ್ ಲೇನ್‌ನಲ್ಲಿ, 1819ರ ಕಾಲದ ಪುಟ್ಟ ಕಟ್ಟಡವೊಂದಿದೆ. ಓಲ್ಡ್ ಅಕಾಡೆಮಿ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡದ ರಂಗಮಂದಿರ ಅದು. ಹನ್ನೆರಡನೇ ವಯಸ್ಸಿಗೆ ಗ್ರೇಸ್ ಅಲ್ಲಿ ಬಣ್ಣ ಹಚ್ಚಿದಳು. ಬಾಗಿಲು ಹಾಕಿದೆ, ಗಾಜಿನ ಹಿಂದೆ ಮುಂದಿನ ನಾಟಕದ ಪೋಸ್ಟರ್ ಇದೆ. ಹೆಗ್ಗೋಡಿನ ರಂಗಮಂದಿರದ ಮುಂದೆ ನಿಂತಾಗ ಆಗುವಂಥದೇ ಒಂದು ಪುಳಕ ನನ್ನಲ್ಲಿ ಎದ್ದಿತು: ಊರವರು ತಮಗಾಗಿ ಮಾಡಿಕೊಂಡ ರಂಗ, ಇನ್ನೂ ಉಸಿರಾಡುತ್ತಿದೆ.

ನಗರದ ಕಲಾ ಮ್ಯೂಸಿಯಂನಲ್ಲಿ ನಿರಾಸೆಯಾಯಿತು. 1956ರಲ್ಲಿ ಗ್ರೇಸ್ ತನ್ನ ಮದುವೆಯ ಉಡುಪನ್ನು ಇಲ್ಲಿಗೇ ದಾನ ಕೊಟ್ಟಳು. ರೇಷ್ಮೆ, ಹಳೆಯ ಕಾಲದ ಲೇಸು, ಸಣ್ಣ ಮುತ್ತುಗಳ ಉಡುಪು ಅದು. ಎಂಜಿಎಂ ಸ್ಟುಡಿಯೋದ ವಸ್ತ್ರವಿನ್ಯಾಸಕಿ ಹೆಲೆನ್ ರೋಸ್ ರೂಪಿಸಿ, ಮೂವತ್ತಾರು ಜನ ಕೂತು ಹೊಲಿದದ್ದು, ಸ್ಟುಡಿಯೋದ ಉಡುಗೊರೆ. ಬಟ್ಟೆ ಬಹಳ ಸೂಕ್ಷ್ಮವಾದ್ದರಿಂದ ಸದಾ ಹೊರಗೆ ಇಡುವುದಿಲ್ಲವಂತೆ. ಹೊರಗೆ ಬಂದರೆ ಮೆಟ್ಟಿಲ ಮೇಲೆ ಜನ 'ರಾಕಿ' ಸಿನಿಮಾದ ನಾಯಕನಂತೆ ಓಡಿ ಹತ್ತಿ ಎರಡೂ ಕೈ ಎತ್ತಿ ಕುಣಿಯುತ್ತಿದ್ದಾರೆ. ನಾನೂ ಹತ್ತಿದೆ, ನಿಧಾನವಾಗಿ.

ನ್ಯೂಯಾರ್ಕ್‌ನ ಲೆಕ್ಸಿಂಗ್ಟನ್ ಅವೆನ್ಯೂ, 63ನೇ ಬೀದಿ. ಮೂಲೆಯಲ್ಲಿ ಬಾರ್ಬಿಜಾನ್ ಎಂಬ ಕಟ್ಟಡ. ಈಗ ಒಳಗೆಲ್ಲ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳು. 1947ರಲ್ಲಿ ಗ್ರೇಸ್ ಪೆಟ್ಟಿಗೆ ಹಿಡಿದು ಬಂದಾಗ ಇದು ಹೆಣ್ಣುಮಕ್ಕಳಿಗೆ ಮಾತ್ರ ಇದ್ದ ಹೋಟೆಲು. ಸೇರಬೇಕಾದರೆ ನಡತೆ ಒಳ್ಳೆಯದೆಂದು ದೊಡ್ಡವರಿಂದ ಪತ್ರ ತರಬೇಕು. ಗಂಡಸರು ಕೆಳಗಿನ ಮಹಡಿ ದಾಟುವಂತಿಲ್ಲ. ಮೈಸೂರಿನ ಲೇಡೀಸ್ ಹಾಸ್ಟೆಲಿನ ಗೇಟಿನ ಹೊರಗೆ ತಂಗಿಗಾಗಿ ತಿಂಡಿಡಬ್ಬಿ ಹಿಡಿದು ಕಾದವನು ನಾನು. ಮ್ಯಾನ್‌ಹಟನ್‌ನಲ್ಲೂ ಅದೇ ಕಟ್ಟಳೆ ಇತ್ತೆಂದು ತಿಳಿದು ಖುಷಿಯಾಗುತ್ತದೆ. ಗ್ರೇಸ್ ನಟನೆ ಕಲಿತ ಅಮೆರಿಕನ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ಸ್ ಆಗ ಕಾರ್ನೆಗಿ ಹಾಲ್‌ನಲ್ಲಿತ್ತು. ಇಲ್ಲಿಂದ ಅಲ್ಲಿಗೆ ನಡೆದೇ ಹೋಗಬಹುದು, ನಾನು ಹಾಗೇ ಹೋದೆ.

ನನಗೆ ಬಹಳ ಇಷ್ಟವಾದ ಗ್ರೇಸ್ ಈ ದಾರಿಯಲ್ಲಿ ಓಡಾಡಿದವಳು. ಅಪ್ಪನಿಗೆ ನಟನೆಯೆಂದರೆ ಅಸಡ್ಡೆ. ಹಾಗೆಂದು ಕೇಳಿದ್ದರೆ ಹಣ ಕೊಡದವನಲ್ಲ. ಇವಳು ಕೇಳಲಿಲ್ಲ. ಮಾಡೆಲಿಂಗ್ ಹಿಡಿದು, ಫೀಜನ್ನು ತಾನೇ ಕಟ್ಟಿದಳು. ಸಿಗರೇಟು, ಬಿಯರ್, ತಿಗಣೆ ನೊಣಕ್ಕೆ ಹೊಡೆಯುವ ಔಷಧಿ — ಇಂಥವನ್ನು ಕೈಲಿ ಹಿಡಿದು ನಗುವ ಜಾಹೀರಾತುಗಳು ಅವು. ಪತ್ರಿಕೆಗಳ ಮುಖಪುಟಕ್ಕೂ ಬಂದಳು. ಲಕ್ಷಾಧೀಶನ ಮಗಳು ನೊಣದ ಔಷಧಿಯ ಡಬ್ಬ ಹಿಡಿದು ಗಂಟೆಗಟ್ಟಲೆ ದೀಪದ ಬಿಸಿಯಲ್ಲಿ ನಿಂತದ್ದನ್ನು ನೆನೆದರೆ, ಅಪ್ಪನ ಇಟ್ಟಿಗೆ ಕೆಲಸದ ರಕ್ತ ಇವಳಲ್ಲೂ ಹರಿದಿತ್ತು ಅನ್ನಿಸುತ್ತದೆ. ಶ್ರೀಮಂತರ ಮಕ್ಕಳಿಗೆ ಎಲ್ಲ ಬಾಗಿಲೂ ತಾವಾಗಿ ತೆರೆಯುತ್ತವೆ ಎನ್ನುವವರಿದ್ದಾರೆ. ಅಕಾಡೆಮಿ ಸೇರುವಾಗ ದೊಡ್ಡಪ್ಪನ ಹೆಸರು ನೆರವಾದದ್ದು ಸುಳ್ಳಲ್ಲ. ಆದರೆ ಒಳಗೆ ಹೋದ ಮೇಲೆ ಮೂಗಿನಲ್ಲಿ ಮಾತಾಡುವ ತನ್ನ ತೆಳುದನಿಯನ್ನು ತಿದ್ದಿ ತೀಡಿ, ಮುಂದೆ ಪರದೆಯ ಮೇಲೆ ನಾವು ಕೇಳುವ ಆ ತಂಪು ಕಂಠವನ್ನು ಮಾಡಿಕೊಂಡವಳು ಅವಳೇ. 1949ರ ನವೆಂಬರಿನಲ್ಲಿ ಸ್ಟ್ರಿಂಡ್‌ಬರ್ಗ್‌ನ 'ದಿ ಫಾದರ್' ಮೂಲಕ ಬ್ರಾಡ್‌ವೇ ಏರಿದಳು. 48ನೇ ಬೀದಿಯ ಆ ಕೋರ್ಟ್ ಥಿಯೇಟರಿಗೆ ಈಗ ಜೇಮ್ಸ್ ಅರ್ಲ್ ಜೋನ್ಸ್ ಅವರ ಹೆಸರು. ಮುಂದೆ ನಿಂತು ಫೋಟೋ ತೆಗೆಯಲು ಹೋದರೆ ಟಿಕೆಟ್ಟಿನ ಸಾಲಿನವರು ನನ್ನನ್ನೂ ಸಾಲಿಗೇ ಸೇರಿಸಿಬಿಟ್ಟರು!

ಹಾಲಿವುಡ್ ನನ್ನ ದಾರಿಯಲ್ಲಿಲ್ಲ. ಗ್ರೇಸ್‌ಳೂ ಅಲ್ಲಿ ಬೇರು ಬಿಟ್ಟವಳಲ್ಲ. ಎಂಜಿಎಂ ಏಳು ವರ್ಷದ ಒಪ್ಪಂದ ಮುಂದಿಟ್ಟಾಗ, ನ್ಯೂಯಾರ್ಕ್‌ನಲ್ಲೇ ವಾಸ ಮಾಡುತ್ತೇನೆ, ನಾಟಕಕ್ಕೆ ಬಿಡುವು ಬೇಕು ಎಂದು ಷರತ್ತು ಹಾಕಿ ಸಹಿ ಮಾಡಿದ ಹುಡುಗಿ ಅವಳು. 1951ರಿಂದ 1956ರವರೆಗೆ ಹನ್ನೊಂದೇ ಸಿನಿಮಾ. ಗ್ಯಾರಿ ಕೂಪರ್ ಜೊತೆ 'ಹೈ ನೂನ್', ಆಫ್ರಿಕಾದಲ್ಲಿ 'ಮೊಗಾಂಬೊ', ನಿರ್ದೇಶಕ ಹಿಚ್‌ಕಾಕ್‌ನ ಮೂರು. 'ರಿಯರ್ ವಿಂಡೋ'ದಲ್ಲಿ ಕಾಲು ಮುರಿದುಕೊಂಡು ಕುಳಿತ ನಾಯಕನ ಮನೆಯ ದೀಪಗಳನ್ನು ಒಂದೊಂದಾಗಿ ಹಾಕುತ್ತ ತನ್ನ ಹೆಸರು ಹೇಳುವ ದೃಶ್ಯವನ್ನು ನೋಡಿ. ಬಟ್ಟೆ ತೊಟ್ಟು ನಡೆಯುವುದನ್ನು ದುಡಿಮೆಯಾಗಿ ಕಲಿತವಳಿಗೆ ಮಾತ್ರ ಬರುವ ಬೆಡಗು ಅದು. ಆದರೆ 'ದಿ ಕಂಟ್ರಿ ಗರ್ಲ್'ನಲ್ಲಿ ಮಾಸಿದ ಸ್ವೆಟರ್ ತೊಟ್ಟು, ಕುಡುಕ ಗಂಡನ ಹೆಂಡತಿಯಾಗಿ, ಆ ಬೆಡಗನ್ನೆಲ್ಲ ಕಳಚಿಟ್ಟಳು. 1955ರ ಆಸ್ಕರ್ ಬಂದದ್ದು ಅದಕ್ಕೆ. ಅಕಾಡೆಮಿಯ ಕೊನೆಯ ವರ್ಷ ಆಕೆ ಮಾಡಿದ ಪಾತ್ರ 'ದಿ ಫಿಲಡೆಲ್ಫಿಯಾ ಸ್ಟೋರಿ'ಯ ಶ್ರೀಮಂತರ ಮಗಳು ಟ್ರೇಸಿ ಲಾರ್ಡ್. ಕೊನೆಯ ಸಿನಿಮಾ 'ಹೈ ಸೊಸೈಟಿ'ಯಲ್ಲೂ ಅದೇ ಟ್ರೇಸಿ.

ಅಟ್ಲಾಂಟಿಕ್ ದಾಟಿ ಫ್ರಾನ್ಸಿನ ಕಾನ್‌ಗೆ ಬಂದಿದ್ದೇನೆ. ಕಡಲ ಮುಂದೆ ಬೆಳ್ಳಗೆ ಹೊಳೆಯುವ ಕಾರ್ಲ್‌ಟನ್ ಹೋಟೆಲು, ಹಿಚ್‌ಕಾಕ್‌ನ 'ಟು ಕ್ಯಾಚ್ ಎ ಥೀಫ್' ಚಿತ್ರೀಕರಣ ನಡೆದ ಜಾಗ. ಎದುರಿನ ಕೆಫೆಯಲ್ಲಿ ಒಂದು ಲೋಟ ಕಾಫಿಗೆ ಕೊಟ್ಟ ದುಡ್ಡಿಗೆ ಬಸವನಗುಡಿಯಲ್ಲಿ ಇಡೀ ಮನೆಮಂದಿ ದೋಸೆ ತಿಂದು ಬರಬಹುದು. ಆದರೆ ಸಮುದ್ರದ ಆ ನೀಲಿಯನ್ನು ಎಷ್ಟು ಹೊತ್ತು ನೋಡಿದರೂ ಯಾರೂ ಏಳಿ ಎನ್ನುವುದಿಲ್ಲ. 1955ರ ಮೇ 6ರಂದು, ಚಲನಚಿತ್ರೋತ್ಸವಕ್ಕೆ ಬಂದಿದ್ದ ಗ್ರೇಸ್ 'ಪ್ಯಾರಿಸ್ ಮ್ಯಾಚ್' ಪತ್ರಿಕೆಯ ಫೋಟೋಗಾಗಿ ಮೊನಾಕೊದ ದೊರೆ ಮೂರನೇ ರೇನಿಯರ್‌ನನ್ನು ನೋಡಲು ಹೋಗಬೇಕಿತ್ತು. ಮುಷ್ಕರದಿಂದ ಕರೆಂಟಿಲ್ಲ. ತಲೆಕೂದಲು ಒದ್ದೆ, ಇಸ್ತ್ರಿಯಾಗದ ಬಟ್ಟೆಗಳು. ಸುಕ್ಕು ಕಾಣದ, ದೊಡ್ಡ ಹೂಗಳ ಉಡುಪೊಂದನ್ನು ತೊಟ್ಟು ಹೊರಟಳು. ಸಮಾರಂಭದ ಹೊತ್ತಿಗೆ ಕರೆಂಟು ಕೈಕೊಡುವ ಕಷ್ಟ ನಮಗೆಲ್ಲ ಗೊತ್ತು. ಚರಿತ್ರೆಯ ಒಂದು ಫೋಟೋದಲ್ಲಿ ಅದು ಹೂವಾಗಿ ಉಳಿದಿದೆ.

ಆ ವರ್ಷದ ಕ್ರಿಸ್‌ಮಸ್‌ಗೆ ರೇನಿಯರ್ ಹೆನ್ರಿ ಅವೆನ್ಯೂವಿನ ಮನೆಗೆ ಬಂದ. ಜನವರಿ 5ಕ್ಕೆ ನಿಶ್ಚಿತಾರ್ಥದ ಸುದ್ದಿ. ಜೀವನಚರಿತ್ರೆಕಾರರು ಹಲವರು ಬರೆದಿರುವಂತೆ, ಹೆಣ್ಣಿನ ಕಡೆಯಿಂದ ಕೇಳಿದ ವರದಕ್ಷಿಣೆ 20 ಲಕ್ಷ ಡಾಲರ್. ವರದಕ್ಷಿಣೆ! ಸಮುದ್ರಗಳನ್ನು ದಾಟಿ ಬಂದರೂ ಈ ಪೀಡೆ ನನ್ನ ಮುಂದೆ ನಿಂತಿತಲ್ಲ ಎಂದು ಸಿಟ್ಟು ಬಂತು. ಅಪ್ಪ ಕೆಲಿಗೂ ಸಿಟ್ಟು ಬಂದಿತ್ತಂತೆ.

ನೀಸ್ ದಾಟಿದ ಮೇಲೆ ರೈಲಿನ ಬಲಗಡೆಯೆಲ್ಲ ಸಮುದ್ರ. ಮೊನಾಕೊ ನಿಲ್ದಾಣ ಇರುವುದು ಬಂಡೆಯ ಹೊಟ್ಟೆಯೊಳಗೆ. ಹೊರಬಂದರೆ ದೇಶ ಅರ್ಧ ಕಣ್ಣಳತೆಯಲ್ಲೇ ಮುಗಿಯುತ್ತದೆ: ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಎರಡು ಲಾಲ್‌ಬಾಗ್. ಬೀದಿಯಿಂದ ಬೀದಿಗೆ ಹತ್ತಲು ಸಾರ್ವಜನಿಕ ಲಿಫ್ಟುಗಳು, ಅವೂ ಬಿಟ್ಟಿ! ಮುದುಕಿಯೊಬ್ಬರು ಸೊಪ್ಪಿನ ಚೀಲ ಹಿಡಿದು ಲಿಫ್ಟಿನಲ್ಲಿ ಊರು ಹತ್ತುತ್ತಾರೆ. ಆದರೆ ಮುಂಬರುವ ಕಾರ್ ರೇಸಿಗೆ ಆಗಲೇ ಕಬ್ಬಿಣದ ತಡೆಗೋಡೆ, ಗ್ಯಾಲರಿ ಏರಿಸುತ್ತಿದ್ದಾರೆ. ಫುಟ್‌ಪಾತು ಎಲ್ಲೆಂದರಲ್ಲಿ ಮಾಯ. ಎದುರಿಗೇ ಕಾಣುವ ಅರಮನೆಯ ಗುಡ್ಡ ಸೇರಲು ಬಂದರನ್ನು ಸುತ್ತು ಹಾಕಬೇಕಾಯಿತು.

ಗುಡ್ಡದ ಮೇಲೆ ಬಿಳಿಗಲ್ಲಿನ ಕೆಥೆಡ್ರಲ್. 1956ರ ಏಪ್ರಿಲ್ 19ರಂದು ಟೀವಿ ಕ್ಯಾಮೆರಾಗಳ ಮುಂದೆ ಗ್ರೇಸ್ ಮದುವೆಯಾದದ್ದು ಇಲ್ಲೇ. ಆಗ ಆಕೆಗೆ 26. ಇಲ್ಲೇ ನೆಲದಲ್ಲಿ ಲ್ಯಾಟಿನ್ ಅಕ್ಷರ ಕೊರೆದ ಚಪ್ಪಡಿಯ ಕೆಳಗೆ ಮಲಗಿದ್ದಾಳೆ. 1982ರ ಸೆಪ್ಟೆಂಬರ್ 13ರಂದು ಮೇಲಿನ ಬೆಟ್ಟದ ತಿರುವಿನಲ್ಲಿ ಕಾರು ಉರುಳಿ, ಮರುದಿನ ತೀರಿಕೊಂಡಳು. ಪ್ರವಾಸಿಗಳ ಸಾಲು ಒಬ್ಬರ ಹಿಂದೊಬ್ಬರು ಸರಿಯುತ್ತದೆ. ನನ್ನ ಮುಂದಿದ್ದ ಇಟಲಿಯ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿ, ಸೊಸೆಗೆ ಏನೋ ಹೇಳಿ ಕಣ್ಣೊರೆಸಿಕೊಂಡರು.

ನನ್ನನ್ನು ಕಾಡುವುದು ಸಾವಿಗಿಂತ 1962. ಆ ವರ್ಷ ಹಿಚ್‌ಕಾಕ್ 'ಮಾರ್ನಿ' ಸಿನಿಮಾಕ್ಕೆ ಕರೆದ, ಗ್ರೇಸ್ ಒಪ್ಪಿದಳು, ಸುದ್ದಿಯೂ ಹೊರಬಿತ್ತು. ನಮ್ಮ ರಾಣಿ ಸಿನಿಮಾದಲ್ಲಿ ಕಳ್ಳಿಯ ಪಾತ್ರ ಮಾಡುವುದೇ ಎಂದು ಊರು ಮುನಿಸಿಕೊಂಡಿತು, ಹಿಂದೆ ಸರಿದಳು. ಸ್ವಂತ ದುಡಿಮೆಯಿಂದ ಫೀಜು ಕಟ್ಟಿ ಕಲಿತ ವಿದ್ಯೆಯದು. ಅದನ್ನು ಪೆಟ್ಟಿಗೆಯಲ್ಲಿಡು ಎಂದು ಊರಿಗೆ ಊರೇ ಹೇಳಿದ್ದು ಅನ್ಯಾಯವೆಂದೇ ನನ್ನ ಎಣಿಕೆ. 1976ರಲ್ಲಿ ಎಡಿನ್‌ಬರ್ಗ್ ಉತ್ಸವದಲ್ಲಿ ಕವಿತೆ ಓದಲು ಮತ್ತೆ ವೇದಿಕೆ ಹತ್ತಿದಳು, ಆಮೇಲೆ ಎಷ್ಟೋ ಊರುಗಳಲ್ಲಿ ಓದಿದಳು. 1981ರಲ್ಲಿ ಇಲ್ಲಿನ ಹಳೆಯ ರಂಗಮಂದಿರವೊಂದು ಆಕೆಯ ಕಾಳಜಿಯಿಂದ ಹೊಸದಾಗಿ ತೆರೆಯಿತು. ಓಸ್ಟೆಂಡ್ ಅವೆನ್ಯೂದಲ್ಲಿರುವ ಅದಕ್ಕೆ ಆಕೆಯದೇ ಹೆಸರು.

ಸಂಜೆ ಅಲ್ಲಿಗೆ ಹೋಗುತ್ತೇನೆ. ಗಲ್ಲಾದಲ್ಲಿದ್ದ ಹುಡುಗಿಗೆ ನನ್ನ ಫ್ರೆಂಚ್ ಅರ್ಥವಾಗುವುದಿಲ್ಲ, ನನಗೆ ಅವಳದು. ಬೆರಳು ತೋರಿಸಿ, ಆಸನದ ನಕ್ಷೆಯ ಮೇಲೆ ಹಿಂದಿನ ಸಾಲನ್ನು ಆರಿಸಿಕೊಳ್ಳುತ್ತೇನೆ. ತಾನೂ ನಟಿಯಾಗಲು ಕಲಿಯುತ್ತಿದ್ದೇನೆಂದೂ, ಫೀಜಿಗಾಗಿ ಈ ಕೆಲಸವೆಂದೂ ಅವಳು ಅರೆಬರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಚಿಲ್ಲರೆ ಎಣಿಸಿ ಕೊಟ್ಟು, ಹಿಂದಿನ ಸಾಲಿನಲ್ಲಿ ದನಿ ಸರಿಯಾಗಿ ಕೇಳಿಸದು, ಖಾಲಿ ಕುರ್ಚಿ ಕಂಡರೆ ಮುಂದೆ ಬಂದು ಕೂತುಬಿಡಿ ಎಂದು ಸನ್ನೆ ಮಾಡುತ್ತಾಳೆ.