ಕುಪ್ಯದ ಹೊಲಿಗೆ ಬಿಚ್ಚಿಸೋಣ

ಬೆಂಗಳೂರು
ಆಗಸ್ಟ್ 12

ಪ್ರೀತಿಯ ತಮ್ಮಾ,

ಫೋನಿನಲ್ಲಿ ನನ್ನ ದನಿ ಆ ಬೇರೆ ದನಿಗಳ ಜೊತೆ ಕಲಸಿಹೋಗುತ್ತದೆ ಅಂದೆಯಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೇಕಾದಾಗ ಓದು, ಸಾಕೆನಿಸಿದರೆ ಮಡಚಿಡು. ನಾವಿಬ್ಬರೂ ಜಗಳವಾಡುವುದು ಕೊಡವ ತಕ್ಕಿನಲ್ಲಿ, ಕಾಗದ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರುತ್ತದೆ ನೋಡು.

ಮೊದಲು ನಿನ್ನ ಕ್ಷಮೆ ಕೇಳಬೇಕು. ಕಕ್ಕಡ ತಿಂಗಳ ಹದಿನೆಂಟಕ್ಕೆ ಬಾಳೆಲೆಗೆ ಬಂದಿದ್ದಾಗ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಬೆಕ್ಕಿರಬೇಕು ಅಂತ ಎದ್ದು ಬಂದು ಲೈಟು ಹಾಕಿದೆ. ನೀನು ನಿಂತುಕೊಂಡೇ ಮದ್ದುಪಾಯಸದ ಪಾತ್ರೆಗೆ ಕೈ ಹಾಕಿ ತಿನ್ನುತ್ತಿದ್ದೆ. ಮುಂಗೈಯೆಲ್ಲ ಪಾಯಸದ ನೇರಳೆ ಬಣ್ಣ. “ಎಷ್ಟು ಅಂತ ತಿಂತೀಯೋ, ನಾಚಿಕೆ ಆಗಲ್ವಾ?” ಅಂದುಬಿಟ್ಟೆ. ನಿನಗೆ ಸಿಟ್ಟು ಬರಲಿಲ್ಲ. “ತುಂಬಿತು ಅಂತ ಹೊಟ್ಟೆ ನನಗೆ ಹೇಳೋದೇ ಇಲ್ಲ ಅಕ್ಕ” ಅಂದೆ. ಕೈ ತೊಳೆದುಕೊಂಡು ಹೋಗಿ ಮಲಗಿದೆ.

ಆ ಮಾತು ನನ್ನನ್ನು ಬಿಡಲಿಲ್ಲ. ಇಲ್ಲಿಗೆ ಬಂದ ಮೇಲೆ ಓದಿದೆ, ಒಬ್ಬ ಮನೋವೈದ್ಯರನ್ನೂ ಕೇಳಿದೆ. ನೀನು ಹೇಳಿದ್ದು ಅಕ್ಷರಶಃ ನಿಜ ಕಣೋ. ನೀನು ನುಂಗುವ ಓಲಾಂಜಪಿನ್ ಮಿದುಳಿನಲ್ಲಿ ಡೋಪಮಿನ್‌ನ ಅಬ್ಬರ ತಡೆದು ದನಿಗಳನ್ನು ತಗ್ಗಿಸುತ್ತದೆ. ಆದರೆ ಹಿಸ್ಟಮಿನ್, ಸೆರೊಟೋನಿನ್‌ಗಳ ದಾರಿಯನ್ನೂ ಅದು ಕಟ್ಟುತ್ತದೆ. ‘ಇನ್ನು ಸಾಕು’ ಎಂಬ ಸುದ್ದಿ ಮುಟ್ಟುವುದಕ್ಕೆ ಆ ದಾರಿಗಳೂ ಬೇಕು. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಔಷಧಿಗಳಲ್ಲಿ ತೂಕ ಹೆಚ್ಚಿಸುವುದರಲ್ಲಿ ಮುಂದಿರುವುದು ಕ್ಲೋಜಪಿನ್ ಮತ್ತು ಇದು. ನಿನ್ನ ಬಾಯಿಚಪಲ ಅಂತ ನಾವೆಲ್ಲ ಆಡಿಕೊಂಡದ್ದು ಎಂಥ ಅನ್ಯಾಯ!

ಹಾಗಂತ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವಂತೆಯೂ ಇಲ್ಲ. ಇಂಥ ಮನಸ್ಸಿನ ಕಾಯಿಲೆಯಿರುವ ಮನೆತನಗಳಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು ಕಾಣುತ್ತದೆ ಅಂತ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲಿ ಎಂಬ ವೈದ್ಯ 1879ರಲ್ಲೇ ಬರೆದಿದ್ದ. ಈ ಕಾಯಿಲೆಯ ಮೊದಲ ಮಾತ್ರೆ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದದ್ದೇ ಎಷ್ಟೋ ವರ್ಷದ ಮೇಲೆ, 1952ರಲ್ಲಿ. ಈಗಿನ ಪರೀಕ್ಷೆಗಳಲ್ಲೂ ಅಷ್ಟೇ, ಕಾಯಿಲೆ ಆಗಷ್ಟೇ ಶುರುವಾಗಿ ಒಂದು ಮಾತ್ರೆಯನ್ನೂ ನುಂಗದವರಲ್ಲೇ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಂದಿರುವುದು ಕಂಡುಬಂದಿದೆ. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತಲ್ಲ, ನಿನಗೆ ಸ್ಕಿಜೋಫ್ರೀನಿಯಾ ಅಂತ ಗೊತ್ತಾದಾಗ ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ದಿನವಿಡೀ ಜಗಲಿಯಲ್ಲಿ ಕೂತಿರುತ್ತಾನೆ, ಕಳೆ ಕೀಳಲು ಕರೆದರೂ ಏಳಲ್ಲ ಅಂತ ಚಿಕ್ಕಪ್ಪ ದೂರುತ್ತಾರೆ. ಹುರುಪು ಬತ್ತಿಹೋಗುವುದು, ಎದ್ದೇಳಲು ಮನಸ್ಸೇ ಬಾರದಿರುವುದು, ಇವೂ ದನಿಗಳಷ್ಟೇ ಈ ಕಾಯಿಲೆಯ ಲಕ್ಷಣಗಳು. ಕೂತಷ್ಟೂ ಮೈ ಬೆಳೆಯುತ್ತದೆ. ಮೈ ಬೆಳೆದು ಸಕ್ಕರೆ, ಬಿಪಿ, ಕೊಬ್ಬು ಏರಿದವರಲ್ಲಿ ನೆನಪು, ಗಮನ ಇನ್ನಷ್ಟು ಮಂಕಾಗಿರುವುದನ್ನು ವೈದ್ಯರು ಕಂಡಿದ್ದಾರೆ. ಈ ಕಾಯಿಲೆಯವರು ಬೇರೆಯವರಿಗಿಂತ ಹದಿನೈದಿಪ್ಪತ್ತು ವರ್ಷ ಮೊದಲೇ ತೀರಿಕೊಳ್ಳುತ್ತಾರಂತೆ. ಹೆದರಿಸಲು ಬರೆಯುತ್ತಿಲ್ಲ. ಹೆಚ್ಚಿನವರನ್ನು ಕೊಂಡೊಯ್ಯುವುದು ದನಿಗಳಲ್ಲ, ಹೃದಯದ ಕಾಯಿಲೆಯಂಥ ದೇಹದ ಕಾಯಿಲೆಗಳು. ಅವನ್ನು ಮೊದಲೇ ಹಿಡಿಯಬಹುದು, ನನ್ನ ಧೈರ್ಯವೆಲ್ಲ ಅದೇ.

ಮೊನ್ನೆ ಮೇ ತಿಂಗಳಲ್ಲಿ ನಡೆದ ಮದುವೆ ನೆನಪಿದೆಯಾ? ನೀನು ಹೊರಡಲಿಲ್ಲ. ಇವನಿಗೆ ಮತ್ತೆ ಜೋರಾಗಿದೆ ಅಂತ ಎಲ್ಲರೂ ಗುಸುಗುಸು ಮಾಡಿದರು, ನಾನೂ ನಂಬಿದೆ. ಈ ಸಲ ನಿನ್ನ ಬೀರುವಿನಲ್ಲಿ ಮದುವೆಗೆ ತೊಡುವ ಕುಪ್ಯ ನೋಡಿದೆ. ಕಂಕುಳ ಹತ್ತಿರ ಹರಿದಿತ್ತು. ನೀನೇ ಕಪ್ಪು ದಾರದಲ್ಲಿ ಅಡ್ಡಾದಿಡ್ಡಿ ಹೊಲಿಗೆ ಹಾಕಿದ್ದೆ. ಅವತ್ತು ತೊಡಲು ಹೋಗಿ ಹರಿದಿರಬೇಕು. ಸೊಂಟಕ್ಕೆ ಚೇಲೆ ಕಟ್ಟಿದರೂ ಮುಚ್ಚದ ಹೊಟ್ಟೆ ಹೊತ್ತು ಅಷ್ಟು ಜನರ ಮುಂದೆ ಹೇಗೆ ಬರುತ್ತೀಯ? ನಿನ್ನ ತಲೆಯೊಳಗೆ ಏನಾಗುತ್ತಿದೆ ಎಂದಷ್ಟೇ ಎಂಟು ವರ್ಷ ಕೇಳಿದೆವು. ನಿನ್ನ ಮೈಯನ್ನು ಯಾರೂ ನೋಡಲಿಲ್ಲ. ತೋರಿಸಿಕೊಳ್ಳಲು ಹೋಗುತ್ತಿದ್ದ ಕಡೆಯೂ ಒಂದು ದಿನವೂ ನಿನ್ನನ್ನು ತೂಕ ಮಾಡಲಿಲ್ಲ.

ಪತ್ತಾಯದ ಹಿಂದೆ ಒಂಬತ್ತು ಮಾತ್ರೆ ಸಿಕ್ಕವು. ಅವ್ವನಿಗೆ ಹೇಳಿಲ್ಲ. ಯಾಕೆ ಬಚ್ಚಿಟ್ಟೆ ಅಂತ ನನಗೀಗ ಗೊತ್ತು. ಆದರೂ ನಿನ್ನಷ್ಟಕ್ಕೆ ನೀನೇ ನಿಲ್ಲಿಸಬೇಡ, ಕಳೆದ ಸಲ ನಿಲ್ಲಿಸಿದಾಗ ನೀನು ಪಟ್ಟ ಪಾಡು ಮತ್ತೆ ಬೇಡ. ದಾರಿಗಳಿವೆ. ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ನಂಥ ಮಾತ್ರೆಗೆ ನಿಧಾನವಾಗಿ ಬದಲಾಯಿಸಬಹುದಾ, ಅಪ್ಪ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಜೊತೆಗೆ ಸೇರಿಸಬಹುದಾ ಅಂತ ಡಾಕ್ಟರನ್ನೇ ಕೇಳೋಣ. ಬೀಡಿಯ ವಿಷಯವನ್ನೂ ಮುಚ್ಚಿಡಬೇಡ. ಅದರ ಹೊಗೆ ಓಲಾಂಜಪಿನ್ ಮೈಯಲ್ಲಿ ಬೇಗ ಕರಗಿಹೋಗುವಂತೆ ಮಾಡುತ್ತದೆ. ಒಮ್ಮೆಲೇ ಬಿಟ್ಟರೆ ಅಷ್ಟೇ ಮಾತ್ರೆ ಮೈಗೆ ಜಾಸ್ತಿಯಾಗುತ್ತದೆ. ಬಿಡುವಾಗ ಡಾಕ್ಟರಿಗೆ ಹೇಳಿ ಬಿಡಬೇಕು.

ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಮಾಡು ಅಂತ ಇಲ್ಲಿಯವರು ಸಲೀಸಾಗಿ ಹೇಳುತ್ತಾರೆ. ನಾಗರಹೊಳೆ ಕಾಡು ಪಕ್ಕದಲ್ಲಿದ್ದು ಆನೆ ತೋಟದಲ್ಲೇ ನಿಂತಿರುವ ಊರಿನಲ್ಲಿ ಅದು ಆಗುವ ಮಾತಾ? ಬಿಸಿಲು ಬಂದ ಮೇಲೆ, ಊಟವಾದ ಮೇಲೆ, ಕಣದಲ್ಲೇ ಹತ್ತು ಸುತ್ತು ಸಾಕು, ಅವ್ವನೂ ಜೊತೆಗೆ ಬರುತ್ತಾಳೆ. ಕಡಂಬುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ಎಲ್ಲ ಅಕ್ಕಿಯದೇ. ಯಾವುದನ್ನೂ ಬಿಡು ಅನ್ನುವುದಿಲ್ಲ. ಹೊಟ್ಟೆ ಹೇಳದಿದ್ದರೆ ತಟ್ಟೆಯೇ ಹೇಳಲಿ, ಅವ್ವ ಒಮ್ಮೆ ಬಡಿಸಿದ್ದಷ್ಟೇ. ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ ಮಾತ್ರ ಬೇಡ. ಬೆಲ್ಲವೂ ಸಕ್ಕರೆಯೇ ಕಣೋ.

ಸೋಮವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ, ವಿರಾಜಪೇಟೆಗೆ ಒಟ್ಟಿಗೆ ಹೋಗೋಣ. ಖಾಲಿ ಹೊಟ್ಟೆಯಲ್ಲಿರು, ರಕ್ತ ಕೊಡಬೇಕು. ತೂಕ, ಬಿಪಿ ನೋಡಿಸೋಣ, ಸೊಂಟವನ್ನೂ ಅಳೆಸೋಣ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದಂತೆ. ಅದಕ್ಕೆ ಮೊದಲು ರಾತ್ರಿ ನಿದ್ದೆ ಬಾರದೆ ಒದ್ದಾಡಿದರೆ 14416ಕ್ಕೆ ಫೋನ್ ಮಾಡು. ಅದು ಟೆಲಿಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಕುಪ್ಯವನ್ನು ಹೊರಗೆ ತೆಗೆದಿಡು. ಬರುವಾಗ ಗೋಣಿಕೊಪ್ಪದಲ್ಲಿ ಟೈಲರ್‌ಗೆ ಕೊಟ್ಟು ಎರಡೂ ಬದಿ ಹೊಲಿಗೆ ಬಿಚ್ಚಿಸೋಣ, ಒಳಗೆ ಮಡಿಕೆ ಬೇಕಾದಷ್ಟಿದೆ. ಪುತ್ತರಿ ಹಬ್ಬಕ್ಕೆ ನೀನು ಅದನ್ನೇ ತೊಟ್ಟು ಗದ್ದೆಗೆ ಇಳಿಯಬೇಕು.

ಇವತ್ತಿನ ಮಾತ್ರೆ ತಗೋ.

ನಿನ್ನ
ಅಕ್ಕ