ಕೇಳದೆ ಮಾಡುವ ಉಪಕಾರ

ಉಪಕಾರಿಗಳಲ್ಲಿ ಎರಡು ವರ್ಗ. ಕರೆದಾಗ ಬಂದು, ಹೇಳಿದ ಕೆಲಸ ಮಾಡಿಕೊಟ್ಟು, ಕಾಫಿ ಕುಡಿದು ಹೊರಡುವವರು ಒಂದು ವರ್ಗ. ಕರೆಯದೆ ಬಂದು, ನಮ್ಮ ಮನೆಯ ಮೇಜು ಕುರ್ಚಿಗಳನ್ನು ತಮಗೆ ಸರಿಕಂಡ ಹಾಗೆ ತಿರುಗಿಸಿಟ್ಟು, ‘ಈಗ ನೋಡಿ, ಎಷ್ಟು ಅಚ್ಚುಕಟ್ಟಾಗಿದೆ!’ ಎಂದು ನಗುವವರು ಇನ್ನೊಂದು ವರ್ಗ. ಮೊದಲನೆಯವರ ಋಣವನ್ನು ಹೇಗೋ ತೀರಿಸಬಹುದು. ಎರಡನೆಯವರ ಉಪಕಾರವನ್ನು ತೀರಿಸುವುದಿರಲಿ, ತಡೆದುಕೊಳ್ಳುವುದೇ ಕಷ್ಟ. ಈಚೆಗೆ ಈ ಎರಡು ವರ್ಗಗಳೂ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಪತ್ರ, ಪ್ರಬಂಧ, ಅರ್ಜಿಗಳನ್ನು ಬರೆಯಲು ಕಂಪ್ಯೂಟರಿನಲ್ಲಿ ನಾವೆಲ್ಲ ಬಳಸುವ ವರ್ಡ್ ಪ್ರೊಸೆಸರ್ ಎಂಬ ತಂತ್ರಾಂಶದ ಮಾತು ನಾನು ಹೇಳುತ್ತಿರುವುದು.

ಅದರ ಸ್ವಭಾವ ವಾಚಕರಿಗೆ ಗೊತ್ತೇ ಇದೆ. ‘1’ ಎಂದು ಬರೆದು, ಚುಕ್ಕಿಯಿಟ್ಟು, ಒಂದು ವಾಕ್ಯ ಮುಗಿಸಿ ಕೆಳಗಿನ ಸಾಲಿಗೆ ಇಳಿಯಿರಿ. ಅಲ್ಲಿ ‘2’ ಆಗಲೇ ಬಂದು ಕುಳಿತಿರುತ್ತದೆ. ನಿಮಗೆ ಹೇಳಬೇಕಾದ ಮಾತು ಒಂದೇ ಇದ್ದರೂ ಅದಕ್ಕೆ ಎರಡನೆಯದು ಬೇಕು. ಮೂರು ಅಡ್ಡಗೀಟು ಹಾಕಿ ಎಂಟರ್ ಕೀಲಿಯನ್ನು ಒತ್ತಿದರೆ ಪುಟದ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದುಬಿಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಆವರಣದೊಳಗೆ ಎ, ಬಿ ಎಂದು ಕ್ರಮ ಹಾಕಿಕೊಂಡು ಬಂದವನು ಮೂರನೆಯದಕ್ಕೆ ‘ಸಿ’ ಎಂದು ಬರೆಯಲೇಬೇಕಲ್ಲವೆ? ಬರೆದದ್ದೇ ತಡ, ಅದು ಗ್ರಂಥಸ್ವಾಮ್ಯದ ಮುದ್ರೆಯಾಗಿ ಮಾರ್ಪಡುತ್ತದೆ. ಬಾಡಿಗೆ ಕರಾರಿನ ಮೂರನೆಯ ಷರತ್ತು ಹೀಗೆ ಗ್ರಂಥಕರ್ತನ ಹಕ್ಕಾಗಿ ಹೊರಬರುವುದುಂಟು!

ಹಾಗೆಂದು ನಾನು ಕೃತಘ್ನನಲ್ಲ. ಈ ಪೆಟ್ಟಿಗೆಯೊಳಗೆ ಮೊದಲನೆಯ ವರ್ಗದ ಉಪಕಾರಿಯೂ ಇದ್ದಾನೆಂದು ಆಗಲೇ ಹೇಳಿದೆ. ದಿನವೂ ಹತ್ತು ಕಡೆ ಬರೆಯಬೇಕಾದ ವಿಳಾಸವನ್ನೋ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗುವ ಕಚೇರಿಯ ಒಕ್ಕಣೆಯನ್ನೋ ಒಮ್ಮೆ ಒಪ್ಪಿಸಿ, ಅದಕ್ಕೊಂದು ಗುಟ್ಟಿನ ಹೆಸರಿಟ್ಟರೆ ಸಾಕು. ಆಮೇಲೆ ಆ ಹೆಸರನ್ನು ಹೇಳಿದಾಗ ಇಡೀ ಒಕ್ಕಣೆ ತಪ್ಪಿಲ್ಲದೆ ಬಂದು ನಿಲ್ಲುತ್ತದೆ. ಇದನ್ನು ಆಟೋಟೆಕ್ಸ್ಟ್ ಎನ್ನುತ್ತಾರೆ. ಮುನ್ನೂರು ಪುಟದ ಅಭಿನಂದನ ಗ್ರಂಥವನ್ನು ಸಿದ್ಧಪಡಿಸುವವರು ಪ್ರತಿಯೊಂದು ಲೇಖನದ ಶೀರ್ಷಿಕೆಗೂ ‘ಇದು ಶೀರ್ಷಿಕೆ’ ಎಂಬ ಗುರುತು ಹಾಕಿಟ್ಟರೆ ಪರಿವಿಡಿಯನ್ನು ಅದೇ ಕಟ್ಟಿಕೊಡುತ್ತದೆ. ನಡುವೆ ಇಪ್ಪತ್ತು ಪುಟ ಸೇರಿದರೂ ಒಂದು ಮಾತು ಹೇಳಿದರೆ ಪುಟಸಂಖ್ಯೆಗಳನ್ನೆಲ್ಲ ತಿದ್ದಿಕೊಳ್ಳುತ್ತದೆ. ಬೆರಳು ಮಡಿಸಿ ಪುಟ ಎಣಿಸಿದವರಿಗೆ ಗೊತ್ತು ಇದರ ಬೆಲೆ. ಇಲ್ಲೆಲ್ಲ ನಾವು ಹೇಳಿದೆವು, ಅದು ಮಾಡಿತು. ಹೇಳದೆ ಮಾಡಲು ಹೊರಟಾಗಲೇ ತೊಡಕು.

ಈ ಎರಡನೆಯ ಅಭ್ಯಾಸ ವಿಶೇಷವಾಗಿ ಬಲಗೊಂಡದ್ದು 1993ರಲ್ಲಿ. ಆ ವರ್ಷ ಹೊರಬಂದ ಮೈಕ್ರೋಸಾಫ್ಟ್ ವರ್ಡ್ 6ರಲ್ಲಿ ಆಟೋಕರೆಕ್ಟ್ ಎಂಬ ಸ್ವಯಂತಿದ್ದುಪಡಿ ಸೇರಿತು. ಅವಸರದ ಬೆರಳುಗಳು ಇಂಗ್ಲಿಷಿನ ‘ದಿ’ ಎಂಬ ಪುಟ್ಟ ಪದದಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡುತ್ತವಷ್ಟೆ? ಅದನ್ನು ಸದ್ದಿಲ್ಲದೆ ಸರಿಪಡಿಸುವುದು ಅದರ ಕೆಲಸ. ಉದ್ದೇಶ ಒಳ್ಳೆಯದೇ. ಆದರೆ ತಿದ್ದುವವನಿಗೆ ಯಾವುದು ತಪ್ಪೆಂದು ಗೊತ್ತಿರಬೇಕಾದರೆ ಯಾವುದು ಸರಿಯೆಂದು ಮೊದಲು ಗೊತ್ತಿರಬೇಕು. ಯಂತ್ರಕ್ಕೆ ಗೊತ್ತಿರುವುದು ಅದರ ಪಟ್ಟಿಯಲ್ಲಿರುವಷ್ಟೇ. ಸಹಕಾರ ಎಂಬರ್ಥದ ‘ಕೋಆಪರೇಷನ್’ ಪದವನ್ನು ನಡುವೆ ಅಡ್ಡಗೀಟಿಲ್ಲದೆ ಬರೆದರೆ ಹಿಂದಿನ ಕೆಲವು ಪಟ್ಟಿಗಳಲ್ಲಿ ಅದು ಇರಲಿಲ್ಲ. ಅದಕ್ಕೆ ಸಮೀಪವೆಂದು ಯಂತ್ರ ಮುಂದಿಟ್ಟದ್ದು ಕ್ಯಾಲಿಫೋರ್ನಿಯದ ಕ್ಯೂಪರ್ಟಿನೊ ಎಂಬ ಊರಿನ ಹೆಸರನ್ನು. ವಿಶ್ವಸಂಸ್ಥೆಯ, ಯೂರೋಪ್ ಒಕ್ಕೂಟದ ಕಾಗದಗಳಲ್ಲಿಯೂ ರಾಷ್ಟ್ರಗಳ ನಡುವೆ ಸಹಕಾರವಿರಬೇಕಾದ ಸ್ಥಳದಲ್ಲಿ ಈ ಊರು ಕಾಣಿಸಿಕೊಂಡಿತು.

ಇಂಗ್ಲಿಷಿನ ಪಾಡೇ ಹೀಗಾದರೆ ಕನ್ನಡದ ಪಾಡೇನು? ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿಲ್ಲ. ರಾಜನ ಹೆಸರಿಗೂ ಆಳಿನ ಹೆಸರಿಗೂ ಒಂದೇ ಎತ್ತರ. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಬಹುಕಾಲ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿತ್ತು. ‘ನುಡಿ’ಯ ಹಳೆಯ ಅಕ್ಷರಮಾದರಿಯಲ್ಲಿ ಇಂಗ್ಲಿಷಿನ ಚಿಕ್ಕ ‘ಎಫ್’ ಇದ್ದ ಮನೆಯಲ್ಲಿ ನಮ್ಮ ‘ಜಿ’, ದೊಡ್ಡ ‘ಎಫ್’ ಇದ್ದಲ್ಲಿ ‘ಈ’. ಚಿಕ್ಕ ‘ಡಿ’ಯ ಮನೆಯಲ್ಲಿ ‘ಜ’, ದೊಡ್ಡ ‘ಡಿ’ಯಲ್ಲಿ ‘ಆ’. ಕಣ್ಣಿಗೆ ಕನ್ನಡ; ಯಂತ್ರದ ಲೆಕ್ಕಕ್ಕೆ ಇಂಗ್ಲಿಷ್. ಈಗ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆ ಉಪಕಾರಿ ಬಂದನೆನ್ನಿ. ‘ಜಿಲ್ಲಾ ಪಂಚಾಯತಿ’ ಎಂದು ವಾಕ್ಯ ಆರಂಭಿಸಿದರೆ ‘ಈಲ್ಲಾ ಪಂಚಾಯತಿ’ಯಾಗುತ್ತದೆ. ‘ಜನರು’ ‘ಆನರು’ ಆಗುತ್ತಾರೆ. ‘ದೇವರು’ ಕೂಡ ಪಾರಾಗುವುದಿಲ್ಲ, ‘ಚೇವರು’ ಆಗುತ್ತಾನೆ. ಬರೆದವನು ತಬ್ಬಿಬ್ಬಾಗಿ ತನ್ನ ಬೆರಳನ್ನೇ ಶಂಕಿಸುತ್ತಾನೆ. ಕನ್ನಡಕ್ಕೆ ಜಗತ್ತಿನ ಲಿಪಿಗಳ ನಡುವೆ ಸ್ವಂತ ನಿವೇಶನ ದೊರೆತದ್ದು 1991ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತದಲ್ಲಿ. ಅಲ್ಲಿಗೆ ಬಂದು ನೆಲಸಿದವರಿಗೆ ಈ ಬಾಧೆಯಿಲ್ಲ. ಆದರೂ ಹಳೆಯ ಬಾಡಿಗೆ ಮನೆಯಲ್ಲೇ ಉಳಿದಿರುವ ಅಚ್ಚುಮನೆಗಳು ಇಂದಿಗೂ ಉಂಟು.

ವಿಜ್ಞಾನಿಗಳೂ ಈ ಉಪಕಾರಕ್ಕೆ ತಲೆಬಾಗಬೇಕಾಯಿತೆಂದರೆ ಆಶ್ಚರ್ಯವಾದೀತು. ಮನುಷ್ಯನ ಒಂದು ಜೀನಿಗೆ ‘ಮಾರ್ಚ್1’ ಎಂಬ ಸಂಕ್ಷೇಪ ನಾಮವಿತ್ತು. ಲೆಕ್ಕಪಟ್ಟಿಯ ತಂತ್ರಾಂಶವಾದ ಎಕ್ಸೆಲ್ ಅದನ್ನು ಕಂಡಕೂಡಲೆ ಮಾರ್ಚ್ ತಿಂಗಳ ಮೊದಲನೆಯ ತಾರೀಖು ಮಾಡಿಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನುಗಳ ಪಟ್ಟಿ ಲಗತ್ತಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಇಂಥ ತಪ್ಪು ಇತ್ತೆಂದು 2016ರಲ್ಲಿ ಎಣಿಸಿ ತೋರಿಸಿದರು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ತನ್ನ ನಿಯಮವನ್ನು ಪ್ರಕಟಿಸುವಾಗ ಅಂಥ ಜೀನುಗಳ ಹೆಸರನ್ನೇ ಬದಲಿಸಿತು. ‘ಮಾರ್ಚ್1’ ಹೋಗಿ ‘ಮಾರ್ಚ್ಎಫ್1’ ಬಂತು. ಆ ಪರಿವರ್ತನೆ ಬೇಡವೆನ್ನುವ ಅವಕಾಶ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ. ಯಂತ್ರ ಬದಲಾಗುವುದಕ್ಕೆ ಮೊದಲೇ ಮನುಷ್ಯ ಬದಲಾದ!

ಜೀನಿಗೆ ಹೆಸರು ಬದಲಾಯಿಸಿದರೆ ಅದೇನೂ ದೂರುವುದಿಲ್ಲ. ಮನುಷ್ಯರ ವಿಷಯ ಹಾಗಲ್ಲ. ನಮ್ಮ ಬೀದಿಯಲ್ಲಿ ವೃದ್ಧೆಯೊಬ್ಬರಿದ್ದಾರೆ. ಪತಿ ಶಾಲಾ ಉಪಾಧ್ಯಾಯರಾಗಿದ್ದು ತೀರಿಕೊಂಡರು. ಕುಟುಂಬ ಪಿಂಚಣಿಗಾಗಿ ಅವರು ಅಂಗಡಿಯೊಂದರಲ್ಲಿ ಇಂಗ್ಲಿಷಿನ ಅರ್ಜಿ ಟೈಪು ಮಾಡಿಸಿದರು. ಅವರ ಹೆಸರನ್ನು ಇಲ್ಲಿ ಹೇಳುವುದು ಸರಿಯಲ್ಲ, ಸೀತಾ ಎಂದಿಟ್ಟುಕೊಳ್ಳೋಣ. ಯಂತ್ರ ಆ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ‘ಸೀದ್’ ಎಂದಿರಬೇಕಲ್ಲವೆ ಎಂದು ಸೂಚಿಸಿತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೋಪದಿಂದ ಕುದಿಯುವುದೆಂದರ್ಥ. ಬರಹದಲ್ಲಿ ಕೊನೆಯ ಅಕ್ಷರ ಒಂದೇ ವ್ಯತ್ಯಾಸ. ಅಂಗಡಿಯ ಹುಡುಗ ಕೆಂಪು ಗೆರೆ ಹೋಗಲೆಂದು ‘ಎಲ್ಲವನ್ನೂ ಬದಲಿಸು’ ಎಂಬುದನ್ನು ಒತ್ತಿದ. ಅರ್ಜಿಯ ಹೆಸರಿಗೂ ಪಿಂಚಣಿ ಪುಸ್ತಕದ ಹೆಸರಿಗೂ ಹೊಂದುವುದಿಲ್ಲವೆಂದು ಕಚೇರಿಯವರು ಅರ್ಜಿ ಹಿಂತಿರುಗಿಸಿದರು. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ತರಬೇಕಾಯಿತು. ನಾಲ್ಕು ತಿಂಗಳು ಅಲೆದರು. ನನಗೆ ಕಾಗದ ತೋರಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಪ್ಪ, ನನ್ನ ಹೆಸರು ತಪ್ಪು ಅಂತ ಆ ಯಂತ್ರಕ್ಕೆ ಹೇಳಿದೋರು ಯಾರು? ನಮ್ಮಪ್ಪ ಇಟ್ಟ ಹೆಸರು ಅದು.”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರದ ಪಟ್ಟಿಯನ್ನು ಯಾರೋ ದೂರದ ಊರಿನಲ್ಲಿ ಕುಳಿತು ತಯಾರಿಸಿದರು; ಅವರ ಕಿವಿಗೆ ಈ ಹೆಸರು ಬಿದ್ದಿರಲಿಲ್ಲ, ಅಷ್ಟೆ. ದ್ವೇಷವಿಲ್ಲ, ದುರುದ್ದೇಶವಿಲ್ಲ. ಆದರೆ ತನಗೆ ತಿಳಿಯದ್ದೆಲ್ಲ ತಪ್ಪು ಎಂಬ ಭಾವನೆ ಮನುಷ್ಯನಲ್ಲಿದ್ದರೆ ಅದನ್ನು ಅಹಂಕಾರ ಎನ್ನುತ್ತೇವೆ. ಯಂತ್ರದಲ್ಲಿದ್ದರೆ ಸೌಕರ್ಯ ಎನ್ನುತ್ತೇವೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರ ಪದ್ಧತಿಯೇ ಬೇರೆ. ಅನುಮಾನ ಬಂದ ಪದದ ಎದುರಿಗೆ ಅಂಚಿನಲ್ಲಿ ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕನಿಗೆ ಕಳಿಸುತ್ತಾರೆ. ಅವರಿಗೆ ವ್ಯಾಕರಣ ನಮಗಿಂತ ಚೆನ್ನಾಗಿ ಬರುತ್ತದೆ; ಆದರೂ ಕೇಳುತ್ತಾರೆ. ಆ ಚಿಕ್ಕ ಕೊಕ್ಕೆಯಲ್ಲಿರುವ ಸೌಜನ್ಯ ಸ್ವಯಂತಿದ್ದುಪಡಿಯಲ್ಲಿಲ್ಲ. ಕೆಂಪು ಗೆರೆಯಲ್ಲಿ ಅದರ ನೆರಳಾದರೂ ಇದೆ. ಆದರೆ ಗೆರೆ ಕಂಡಕೂಡಲೆ ಒಪ್ಪಿಬಿಡುವ ಅಭ್ಯಾಸ ನಮಗೇ ಬಂದುಬಿಟ್ಟರೆ ಕೇಳಿಯೂ ಕೇಳದಂತೆಯೇ ಆಯಿತು.

ಪರಿಹಾರ ಇಲ್ಲದೆ ಇಲ್ಲ. ಯಂತ್ರ ತಾನಾಗಿ ಏನನ್ನಾದರೂ ತಿದ್ದಿದ ಕ್ಷಣವೇ ಕಂಟ್ರೋಲ್ ಕೀಲಿಯೊಡನೆ ‘ಜೆಡ್’ ಒತ್ತಿದರೆ ನಾವು ಬರೆದದ್ದು ಹಾಗೇ ಉಳಿದು, ಅದರ ತಿದ್ದುಪಡಿ ಮಾತ್ರ ಅಳಿಯುತ್ತದೆ. ಮತ್ತೆ ಮತ್ತೆ ಕಾಡುವ ಉಪಕಾರಗಳನ್ನು ಆಟೋಕರೆಕ್ಟ್ ಆಯ್ಕೆಗಳ ಪಟ್ಟಿಯಲ್ಲಿ ಒಂದೊಂದಾಗಿ ಗುರುತು ತೆಗೆದು ನಿಲ್ಲಿಸಬಹುದು. ಎಲ್ಲಕ್ಕಿಂತ ನನಗೆ ಪ್ರಿಯವಾದುದು ಇನ್ನೊಂದು: ಕೆಂಪು ಗೆರೆ ಬಿದ್ದ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ನಿಘಂಟಿಗೆ ಸೇರಿಸು’ ಎಂದರೆ ಗೆರೆ ಮಾಯವಾಗುತ್ತದೆ, ಆಮೇಲೆ ಆ ಕಂಪ್ಯೂಟರು ಆ ಹೆಸರನ್ನು ತಪ್ಪೆನ್ನುವುದಿಲ್ಲ. ಆ ವೃದ್ಧೆಯ ಹೆಸರನ್ನು ನನ್ನ ಯಂತ್ರಕ್ಕೆ ಹೀಗೆ ಕಲಿಸಿದ್ದೇನೆ. ನಮ್ಮ ಊರು, ನೆರೆಹೊರೆ, ನೆಂಟರಿಷ್ಟರ ಹೆಸರುಗಳನ್ನೂ ಕಲಿಸುತ್ತಿದ್ದೇನೆ. ಒಂದು ಹೆಸರಿಗೆ ಒಂದು ಕ್ಷಣ ಸಾಕು. ಬೀದಿ ಬೀದಿಯಲ್ಲಿ ಅರ್ಜಿ ಟೈಪು ಮಾಡುವ ಹುಡುಗರು ‘ಎಲ್ಲವನ್ನೂ ಬದಲಿಸು’ ಎಂಬುದರ ಬದಲು ಇದನ್ನು ಒತ್ತುವುದನ್ನು ಕಲಿತರೆ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.