ಅವ್ವನನ್ನು ಹೊದ್ದುಕೊಳ್ಳುವುದು

ತೀರಿಹೋದವರ ನೆನಪಿಗೆ ಗೋಡೆಗೆ ಫೋಟೋ ತೂಗುಹಾಕಿ ಹಾರ ಹಾಕುವವರೇ ಹೆಚ್ಚು. ನಾನು ಕೌದಿ ಹೊಲಿಯುತ್ತೇನೆ. ಫೋಟೋದಲ್ಲಿದ್ದವರನ್ನು ನೋಡಬಹುದು, ಕೌದಿಯಲ್ಲಿದ್ದವರನ್ನು ಹೊದ್ದು ಮಲಗಬಹುದು.

ನಮ್ಮ ಉತ್ತರ ಕರ್ನಾಟಕದ ಕೌದಿಗೆ ಹೊಸ ಬಟ್ಟೆ ಒಗ್ಗದು. ಉಟ್ಟು, ಒಗೆದು, ಮೆತ್ತಗಾದ ಸೀರೆ, ಧೋತರ, ಅಂಗಿಗಳೇ ಬೇಕು. ಕೆಳಗೊಂದು ಸೀರೆ ಹಾಸಿ, ನಡುವೆ ಹರಕು ಬಟ್ಟೆ ಪದರುಪದರಾಗಿ ಹರವಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ದಾರ ಓಡಿಸಬೇಕು. ಹಳೆಯ ನೂಲಿನ ಬಟ್ಟೆಯಲ್ಲಿ ಸೂಜಿ ಇಳಿಯುವ ಸುಖ ಹೊಲಿದವರಿಗೇ ಗೊತ್ತು.

ಅವ್ವ ಹೋದ ಮೇಲೆ ಅವಳ ಟ್ರಂಕಿನಿಂದ ಒಂದು ಇಳಕಲ್ ಸೀರೆಯನ್ನು ಕೌದಿಗೆಂದೇ ಎತ್ತಿಟ್ಟೆ. ಇಳಕಲ್ಲಿನ ನೇಕಾರರು ನೂಲಿನ ಒಡಲಿನ ಹಾಸಿನ ಎಳೆಗಳಿಗೆ ಕೆಂಪು ರೇಷ್ಮೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಸೀರೆಯ ಒಡಲು ಮೊಣಕಾಲಿನ ಹತ್ತಿರ ಸವೆದು ಜಾಳಾಗಿತ್ತು. ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿದ ಗುರುತು ಅದು. ಸೆರಗು ಸೇರಿದ ಕೊಂಡಿ ಮಾತ್ರ ಬಿಗಿಯಾಗಿಯೇ ಇತ್ತು. ಅದನ್ನು ಕೌದಿಯ ನಟ್ಟನಡುವೆ ಇಟ್ಟೆ.

ಹೊಲಿಯುವಾಗ ಚಿಗವ್ವ ಬಂದು ಕೂತಳು. ಸೀರೆಯ ದಡಿ ಸವರಿ, "ಇದನ್ನ ಉಟ್ಕೊಂಡ ನಿಮ್ಮವ್ವ ಎಲ್ಲಮ್ಮನ ಗುಡ್ಡಕ್ಕ ಬಂದಿದ್ಲು. ಹಾದ್ಯಾಗ ಚಕ್ಕಡಿ ಗಾಲಿ ಮುರೀತು. ನಾವೆಲ್ಲಾ ಅಳಾಕ ಹತ್ತಿದ್ರ ಆಕಿ ಬುತ್ತಿ ಬಿಚ್ಚಿ ಊಟಕ್ಕ ಕುಂದರ್ಸಿದ್ಲು" ಅಂದಳು. ಅವ್ವ ಒಮ್ಮೆಯೂ ಹೇಳದ ಕಥೆ! ಬರೀ ಕೂತು "ಅವ್ವನ ಬಗ್ಗೆ ಹೇಳು" ಎಂದು ಕೇಳಿದ್ದರೆ ಚಿಗವ್ವನಿಗೂ ನೆನಪಾಗುತ್ತಿರಲಿಲ್ಲ. ಬಟ್ಟೆ ಕೈಗೆ ತಾಗಬೇಕು.

ಅಜ್ಜನ ಧೋತರ ನಡುವಿನ ಪದರಿನಲ್ಲಿದೆ. ಕಣ್ಣಿಗೆ ಕಾಣದು, ಹೊದ್ದಾಗ ಅದರ ಭಾರ ತಿಳಿಯುತ್ತದೆ. ಇನ್ನು ಮೂಲೆಗಳ ಮಾತು: ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂದು ಕರೆಯುವ ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಅದಿಲ್ಲದೆ ಕವಂದಿ ಮುಗಿಯದು. ಆ ಚೆಲುವಿಗೆ ಮನಸೋತು ನಾನೂ ಅವ್ವನ ಗುಳೇದಗುಡ್ಡದ ಖಣದ ಕುಬಸದಿಂದ ನಾಲ್ಕು ಮೂಲೆಗೂ ಹೂವು ಮಾಡಿದೆ.

ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು ಎನ್ನುವವರಿದ್ದಾರೆ. ಅವರ ನಂಬಿಕೆ ಅವರಿಗೆ. ಎದೆಗವಚಿಕೊಂಡು ಸಾಕಿದವಳ ಸೀರೆಯಿಂದ ಮೊಮ್ಮಕ್ಕಳಿಗೆ ಕೇಡಾದೀತೆಂದು ನಾನು ಒಪ್ಪಲಾರೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥ ಸೀರೆ, ಧೋತರ ಇದ್ದರೆ ಸ್ಟೀಲ್ ಪಾತ್ರೆಯ ಬದಲಿಗೆ ಕೊಟ್ಟುಬಿಡಬೇಡಿ. ಅವುಗಳ ಕಥೆ ಬಲ್ಲ ಹಿರಿಯರು ಇರುವಾಗಲೇ ಪಕ್ಕಕ್ಕೆ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಿ.